ನಾನು ಬದಲಾದೆ, ಮನೆಯವರು ಇನ್ನೂ ನಂಬುತ್ತಿಲ್ಲ

ಪ್ರಶ್ನೆ: ನಾನು ಇಳಕಲ್ಲಿನವನು, ವಯಸ್ಸು 38. ಅಣ್ಣನ ಜೊತೆ ಪವರ್‌ಲೂಮ್ ನಡೆಸುತ್ತೇನೆ. 15 ವರ್ಷ ಕುಡಿದೆ. ಹೆಂಡತಿಯ ಬೋರಮಾಳ (ಚಿನ್ನದ ಗುಂಡಿನ ಸರ) ಒತ್ತೆ ಇಟ್ಟೆ, ಬಿಡಿಸಲು ಆಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಪ್ರಾರ್ಥನೆ ಮಾಡಿ ಕುಡಿತ ಬಿಟ್ಟೆ. 11 ತಿಂಗಳಾಯಿತು, ಮತ್ತೆ ಮುಟ್ಟಿಲ್ಲ. ಭಾನುವಾರ ತಪ್ಪದೆ ಚರ್ಚಿನ ಸಭೆಗೆ ಹೋಗುತ್ತೇನೆ. ಆದರೂ ಮನೆಗೆ ಬಂದ ಕೂಡಲೇ ಹೆಂಡತಿ ಹತ್ತಿರ ಬಂದು ಬಾಯಿ ವಾಸನೆ ನೋಡುತ್ತಾಳೆ. ಅಣ್ಣ ಲೆಕ್ಕದ ಪುಸ್ತಕ ಕೊಡುವುದಿಲ್ಲ. ಸಭೆಯಲ್ಲೂ ಯಾವ ಜವಾಬ್ದಾರಿ ಇಲ್ಲ. ಹೋದ ತಿಂಗಳು ಸಿಟ್ಟು ತಡೆಯದೆ ಊಟದ ತಟ್ಟೆ ಎಸೆದೆ. ಮಗಳು ಅತ್ತಳು. ಹೆಂಡತಿ 'ನೀವ್ ಎಂದೂ ಬದ್ಲಾಗಂಗಿಲ್ಲ' ಅಂದಳು. ದೇವರು ನನ್ನನ್ನು ನಿಜವಾಗಿ ಬದಲಾಯಿಸಿಲ್ಲವೇ? ಪುಣೆಗೆ ಹೋಗಿಬಿಡಲೇ ಅನಿಸುತ್ತದೆ. ಒಂದು ವರ್ಷ ತುಂಬಿದ ಭಾನುವಾರ ಸಾಕ್ಷಿ ಹೇಳು, ಅಂದರೆ ದೇವರು ನಿನ್ನನ್ನು ಹೇಗೆ ಬದಲಾಯಿಸಿದ ಎಂದು ಸಭೆಯ ಮುಂದೆ ಹೇಳು ಎಂದು ಪಾಸ್ಟರ್ ಕೇಳಿದ್ದಾರೆ. ಹೆಂಡತಿ ಆ ದಿನ ಬರುವುದಿಲ್ಲ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಸಹೋದರರೇ, ನಿಮ್ಮ ಪತ್ರದಲ್ಲಿ 11 ತಿಂಗಳ ಮಾತು ಒಂದೇ ಸಾಲಿನಲ್ಲಿ ಮುಗಿದಿದೆ. ಉಳಿದದ್ದೆಲ್ಲ ಸೋತದ್ದರ ಲೆಕ್ಕ. ನಾನು ಆ ಒಂದು ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 11 ತಿಂಗಳು ಅಂದರೆ ಮುನ್ನೂರಕ್ಕೂ ಜಾಸ್ತಿ ಸಂಜೆ. ಮೈಮೇಲೆಲ್ಲ ನೂಲಿನ ಧೂಳು, ಕಿವಿಯಲ್ಲಿ ಇನ್ನೂ ಮಗ್ಗದ ಸದ್ದು, ಕಾಲು ತಾನೇ ಅಂಗಡಿಯ ಕಡೆ ಎಳೆಯುವ ಹೊತ್ತು. ಅಂಥ ಹೊತ್ತಿನಲ್ಲಿ ಮುನ್ನೂರು ಸಲ ನೀವು ಸೀದಾ ಮನೆಗೆ ಬಂದಿದ್ದೀರಿ. ಅದು ನಿಮ್ಮ ಒಬ್ಬರ ಶಕ್ತಿಯಿಂದ ಆಗಿದ್ದಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ದೇವರು ಬದಲಾಯಿಸಿದ್ದಾನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಆ ಸಂಜೆಗಳಲ್ಲೇ ಇದೆ. ಹೌದು, ಬದಲಾಯಿಸಿದ್ದಾನೆ. ಇನ್ನೂ ಬದಲಾಯಿಸುತ್ತಿದ್ದಾನೆ.

ಈಗ ಮನೆಯವರ ಮಾತು. ಇದನ್ನು ನಾನು ಬೆಳಗಾವಿಯಲ್ಲಿ ಆಪ್ತಸಲಹೆ ಕೊಡುವವನಾಗಿ ಹೇಳುವ ಮೊದಲು, ಕುಡಿಯುತ್ತಿದ್ದ ಒಬ್ಬರ ಮಗನಾಗಿ ಹೇಳಬೇಕು.

ನನ್ನ ತಂದೆ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಎರಡನೇ ಪಾಳಿ ಮುಗಿಸಿ ರಾತ್ರಿ ಸೈಕಲ್ ಮೇಲೆ ಬರುತ್ತಿದ್ದರು. ನಾನು, ನನ್ನ ತಂಗಿ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿರುತ್ತಿದ್ದೆವು, ಕಿವಿ ಮಾತ್ರ ಬಾಗಿಲಲ್ಲಿ. ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ನಮಗೆ ಎಲ್ಲ ತಿಳಿಯುತ್ತಿತ್ತು. ಒಂದೇ ಏಟಿಗೆ 'ಟಕ್' ಅಂದರೆ ಇವತ್ತು ಕುಡಿದಿಲ್ಲ. ಸ್ಟ್ಯಾಂಡ್ ಎರಡು ಮೂರು ಸಲ ಜಾರಿ, ಸೈಕಲ್ ಗೋಡೆಗೆ ತಾಗಿದರೆ ತಂಗಿ ನನ್ನ ಕೈ ಹಿಡಿಯುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕುಡಿತ ಬಿಟ್ಟರು. ಮತ್ತೆ ಸಾಯುವವರೆಗೂ ಮುಟ್ಟಲಿಲ್ಲ. ಆದರೆ ನಮ್ಮ ಕಿವಿ ಬಿಡಲಿಲ್ಲ. ರಾತ್ರಿ ಆ ಸದ್ದು ಕೇಳುವವರೆಗೂ ನಿದ್ದೆ ಬರುತ್ತಿರಲಿಲ್ಲ. ವಾರಗಳಲ್ಲ, ವರ್ಷಗಳು. ಆಮೇಲೆ ಒಂದು ದಿನ ಬೆಳಿಗ್ಗೆ ಎದ್ದಾಗ ನನಗೆ ಹೊಳೆಯಿತು: ರಾತ್ರಿ ಅಪ್ಪ ಬಂದದ್ದೇ ನನಗೆ ಗೊತ್ತಿಲ್ಲ. ಅವರು ಬರುವ ಮೊದಲೇ ನಿದ್ದೆ ಹೋಗಿದ್ದೆ.

ಅವತ್ತು ನಾನು ಅಪ್ಪನನ್ನು ನಂಬಲು ಶುರು ಮಾಡಿದೆ ಅಂತ ಹೇಳಬಹುದು. ಆದರೆ ನಂಬೋಣ ಎಂದು ನಾನೇನೂ ನಿರ್ಧಾರ ಮಾಡಿರಲಿಲ್ಲ. ಅಪ್ಪ ಕೇಳಿಕೊಂಡಿದ್ದರೂ ಅದು ನನ್ನ ಕೈಯಲ್ಲಿ ಇರಲಿಲ್ಲ. ಹೆದರಿದ ಮೈ ತಾನಾಗಿಯೇ ಹೆದರಿಕೆ ಬಿಡಬೇಕು, ಅದಕ್ಕೆ ಬೇಕಾದಷ್ಟು ದಿನ ಅದು ತೆಗೆದುಕೊಳ್ಳುತ್ತದೆ. ನಿಮ್ಮ ಹೆಂಡತಿ ಹತ್ತಿರ ಬಂದು ವಾಸನೆ ನೋಡುವುದು ನಿಮ್ಮನ್ನು ಅವಮಾನ ಮಾಡಲು ಅಲ್ಲ. ಅವರ ಮೈ ಇನ್ನೂ ಸೈಕಲ್ ಸದ್ದು ಕೇಳುತ್ತಿದೆ. ನಿಮಗೆ 11 ತಿಂಗಳು ಬಹಳ ಉದ್ದ. ಅವರ ಪಕ್ಕದಲ್ಲಿ 15 ವರ್ಷ ನಿಂತಿದೆ.

ನಮ್ಮ ಸಭೆಗಳಲ್ಲಿ ಕ್ಷಮೆ ಮತ್ತು ನಂಬಿಕೆ ಎರಡನ್ನೂ ಒಂದೇ ಎಂದು ತಿಳಿಯುವುದು ಜಾಸ್ತಿ. 'ದೇವರೇ ಕ್ಷಮಿಸಿದ ಮೇಲೆ ನೀನ್ಯಾರವ್ವಾ ನಂಬದೆ ಇರಲಿಕ್ಕೆ?' ಎಂದು ಹಿರಿಯರು ಹೆಂಗಸರಿಗೆ ಬುದ್ಧಿ ಹೇಳುವುದನ್ನು ಕೇಳಿದ್ದೇನೆ. ಅದು ತಪ್ಪು. ಕ್ಷಮೆ ಒಂದು ಪ್ರಾರ್ಥನೆಯಲ್ಲಿ ಆಗಬಹುದು. ನಂಬಿಕೆ ಹಾಗೆ ಆಗುವುದಲ್ಲ, ಅದು ಒಂದೊಂದು ಸಂಜೆಯಾಗಿ ಕೂಡಬೇಕು. ನಿಮ್ಮ ಹೆಂಡತಿ ನಿಮ್ಮನ್ನು ಪೂರ್ತಿ ಕ್ಷಮಿಸಿಯೂ ಇನ್ನೂ ನಂಬಲಾಗದೆ ಇರಬಹುದು. ಅದರಲ್ಲಿ ಅವರ ವಿಶ್ವಾಸದ ಕೊರತೆ ಏನೂ ಇಲ್ಲ. ಎಪ್ಪತ್ತೇಳು ಸಲ ಕ್ಷಮಿಸುವ ವಚನವನ್ನು ದಯವಿಟ್ಟು ಮನೆಯಲ್ಲಿ ಅವರ ಎದುರು ಎತ್ತಬೇಡಿ. ಆ ಮಾತು ಯೇಸು ಹೇಳಿದ್ದು ಕ್ಷಮಿಸಬೇಕಾದವನಿಗೆ, ತನ್ನ ಶಿಷ್ಯ ಪೇತ್ರನಿಗೆ. ಕ್ಷಮೆ ಬೇಕಾದವನು ಅದನ್ನು ಹಿಡಿದು ವಸೂಲಿಗೆ ಹೋಗಬಾರದು.

ನಮ್ಮ ಕನ್ನಡ ಬೈಬಲಿನಲ್ಲಿ ಪಶ್ಚಾತ್ತಾಪಕ್ಕೆ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂಬ ಮಾತಿದೆ. ನನಗೆ ಈ 'ತಿರುಗಿಕೊಳ್ಳುವುದು' ಬಹಳ ಇಷ್ಟ. ನೀವು ಹುನಗುಂದಕ್ಕೆ ಹೋಗಬೇಕಾದವರು ತಪ್ಪಿ ಕುಷ್ಟಗಿ ಬಸ್ ಹತ್ತಿದಿರಿ ಅಂದುಕೊಳ್ಳಿ. ತಪ್ಪು ತಿಳಿದ ಕೂಡಲೇ ಇಳಿದು ತಿರುಗುವುದು ಒಂದು ಕ್ಷಣದ ಕೆಲಸ. ಆ ಕ್ಷಣಕ್ಕೇ ದಿಕ್ಕು ಸರಿಯಾಯಿತು. ಆದರೆ ಹೋದಷ್ಟು ದೂರ ವಾಪಸ್ ಬರಬೇಕು, ಮತ್ತೆ ಇಳಕಲ್ ದಾಟಬೇಕು. ಆಸ್ಪತ್ರೆಯ ಹಾಸಿಗೆಯಲ್ಲಿ ನೀವು ತಿರುಗಿದಿರಿ. ಅದು ನಿಜ, ಪೂರ್ತಿ ನಿಜ. ಈಗ ನಡೆಯುತ್ತಿರುವುದು ವಾಪಸ್ ದಾರಿ. ದಾರಿ ಉದ್ದ ಇದೆ ಅಂದ ಮಾತ್ರಕ್ಕೆ ತಿರುಗಿದ್ದೇ ಸುಳ್ಳು ಅಂತ ಆಗುವುದಿಲ್ಲ, ಅಲ್ವಾ?

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಮೆತ್ತಗೆ ಹೇಳಲು ನನಗೆ ಮನಸ್ಸಿಲ್ಲ. ಕುಡಿಯದೆ ಎಸೆದ ತಟ್ಟೆ ಕುಡಿದು ಎಸೆದ ತಟ್ಟೆಗಿಂತ ಕಡಿಮೆ ಅಲ್ಲ. ನಿಮ್ಮ ಮಗಳಿಗೆ ಅದು ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿರುತ್ತದೆ. ಇಷ್ಟು ದಿನ ಅವಳ ಮನಸ್ಸಿನಲ್ಲಿ ಒಂದು ಲೆಕ್ಕ ಇತ್ತು: ಅಪ್ಪ ಕುಡಿದರೆ ಕೆಟ್ಟವರು, ಕುಡಿಯದಿದ್ದರೆ ಒಳ್ಳೆಯವರು. ಅವತ್ತು ಆ ಲೆಕ್ಕವೂ ತಪ್ಪಿತು. ಹಾಗಾಗಿ ಮೊದಲು ಮಗಳ ಹತ್ತಿರ ಹೋಗಿ. ಅವಳ ಎತ್ತರಕ್ಕೆ ಕುಳಿತುಕೊಳ್ಳಿ. 'ತಟ್ಟೆ ಎಸೆದದ್ದು ನನ್ನ ತಪ್ಪು. ನೀನಾಗಲಿ ಅವ್ವನಾಗಲಿ ಏನೂ ತಪ್ಪು ಮಾಡಿರಲಿಲ್ಲ' ಅಂತ ಹೇಳಿ. ಅಷ್ಟೇ. 'ಆದರೆ' ಎಂದು ಸೇರಿಸಬೇಡಿ. ದಣಿದಿದ್ದೆ, ಅವ್ವ ಹಾಗಂದಳು, ಸಾರು ತಣ್ಣಗಿತ್ತು, ಯಾವುದೂ ಬೇಡ. ಚಾಕೊಲೇಟ್ ಕೂಡ ಬೇಡ. ಕುಡಿದ ಮರುದಿನ ತಿಂಡಿ ತರುವ ಅಪ್ಪಂದಿರನ್ನು ಮಕ್ಕಳು ಚೆನ್ನಾಗಿ ಬಲ್ಲರು.

ಮತ್ತೆ ಇಂಥದ್ದು ಆಗುವ ಸೂಚನೆ ಕಂಡರೆ, ಕೈ ಬಿಗಿಯಾಗುತ್ತದೆ, ದನಿ ಏರುತ್ತದೆ ಅನಿಸಿದರೆ, ಎದ್ದು ಅಂಗಳಕ್ಕೆ ಹೋಗಿ ಮುಖ ತೊಳೆಯಿರಿ. ಹೋಗುವಾಗ ಮಾತ್ರ ಹೇಳಿ ಹೋಗಿ: 'ಹೊರಗ ನಿಂತಿರ್ತೀನಿ, ಹತ್ತು ನಿಮಿಷಕ್ಕ ಬರ್ತೀನಿ.' ಸುಮ್ನೆ ಎದ್ದು ಹೋದರೆ ಅಂಗಡಿಗೆ ಹೋದಿರಿ ಅಂತಲೇ ಅವರು ತಿಳಿಯುತ್ತಾರೆ. ನಿಮ್ಮ ಹೆಂಡತಿ ನಾಲ್ಕು ದಿನ ತವರಿಗೆ ಹೋಗುತ್ತೇನೆ ಅಂದರೆ ತಡೆಯಬೇಡಿ. ಬಸ್ ಸ್ಟ್ಯಾಂಡಿನವರೆಗೆ ಬ್ಯಾಗ್ ಹಿಡಿದು ಹೋಗಿ. ಈ ಉತ್ತರವನ್ನು ಅವರೂ ಓದುತ್ತಿದ್ದರೆ ಅವರಿಗೊಂದು ಮಾತು: ಅಕ್ಕೋರೆ, ಮನೆಯಲ್ಲಿ ಹೆದರಿಕೆ ಆದರೆ 181 ಮಹಿಳಾ ಸಹಾಯವಾಣಿ ಇದೆ. ಅಲ್ಲಿಗೆ ಫೋನ್ ಮಾಡಿದರೆ ದೇವರಿಗೆ ದ್ರೋಹ ಮಾಡಿದಂತೆ ಅಲ್ಲ.

ದಿನವೂ ಅದೇ ಪ್ರಶ್ನೆ, ಅದೇ ಅನುಮಾನ ಎಂದು ಬೇಸತ್ತಿದ್ದೀರಿ. ಇಲ್ಲಿ ನಿಮ್ಮನ್ನು ಯೋಹಾನನ ಸುವಾರ್ತೆಯ ಎರಡು ಬೆಂಕಿಗಳ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಮೊದಲನೆಯದು 18ನೇ ಅಧ್ಯಾಯದಲ್ಲಿ. ಯೇಸುವನ್ನು ಹಿಡಿದ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಆಳುಗಳು ಚಳಿಗೆ ಇದ್ದಿಲ ಬೆಂಕಿ ಹಾಕಿಕೊಂಡಿದ್ದರು. ಆ ರಾತ್ರಿ ಪೇತ್ರ ಮೂರು ಸಲ 'ನಾನು ಅವನ ಶಿಷ್ಯನಲ್ಲ' ಎಂದು ಹೇಳಿದ, ಮೊದಲ ಸಲ ಬಾಗಿಲಲ್ಲಿ, ಆಮೇಲೆ ಎರಡು ಸಲ ಆ ಬೆಂಕಿಯ ಹತ್ತಿರ ಚಳಿ ಕಾಯಿಸುತ್ತಾ ನಿಂತು. ಎರಡನೆಯದು 21ನೇ ಅಧ್ಯಾಯದಲ್ಲಿ. ಯೇಸು ಎದ್ದು ಬಂದ ಮೇಲೆ, ಕೆರೆಯ ದಡದಲ್ಲಿ, ಬೆಳಗಿನ ಜಾವ, ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು. ಮೂಲ ಗ್ರೀಕ್‌ನಲ್ಲಿ ಇದ್ದಿಲ ಬೆಂಕಿಗೆ ಬಳಸಿದ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅದೇ ಹೊಗೆ, ಅದೇ ವಾಸನೆ. ವಾಸನೆ ಹಳೆಯದನ್ನು ಎಷ್ಟು ಬೇಗ ಎದುರಿಗೆ ತಂದು ನಿಲ್ಲಿಸುತ್ತದೆ ಎಂದು ನಿಮ್ಮ ಮನೆಯವರಿಗೂ ಗೊತ್ತು, ನಿಮಗೂ ಗೊತ್ತು.

ಅಲ್ಲಿ ಯೇಸು ಪೇತ್ರನನ್ನು ಒಂದು ಸಲ ಕೇಳಿ ಬಿಡಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೇ ಸಲ ಪೇತ್ರನಿಗೆ ಬೇಜಾರಾಯಿತು ಎಂದು ಯೋಹಾನ ಬರೆದಿದ್ದಾನೆ. ನಿಮಗೆ ಆಗುವ ಬೇಜಾರೇ ಅದು. ಆದರೆ ಪೇತ್ರ ಏನು ಮಾಡಿದ ನೋಡಿ. 'ಆಗಲೇ ಎರಡು ಸಲ ಹೇಳಿದೆನಲ್ಲ' ಅನ್ನಲಿಲ್ಲ. ಎದ್ದು ಹೋಗಲಿಲ್ಲ. ಮೂರನೇ ಸಲವೂ ಉತ್ತರ ಕೊಟ್ಟ. ಮೂರು ಸಲ ಇಲ್ಲ ಎಂದವನಿಗೆ ಮೂರು ಸಲ ಹೌದು ಎನ್ನಲು ಅಲ್ಲಿ ಜಾಗ ಸಿಕ್ಕಿತು. ನಿಮ್ಮ ಹೆಂಡತಿ ಬಾಗಿಲಲ್ಲಿ 'ಎಲ್ಲಿದ್ರಿ? ಯಾರ ಜೋಡಿ ಇದ್ರಿ?' ಅಂದಾಗ, ಇವತ್ತು ಮುನ್ನೂರನೇ ಸಲ ಕೇಳಿದರೂ ಮೊದಲನೇ ಸಲ ಕೇಳಿದ ಹಾಗೆ ಉತ್ತರ ಕೊಡಿ. 'ಮಗ್ಗದಾಗ ಇದ್ದೆ, ನೂಲಿನವರು ಬಂದಿದ್ರು, ಅದಕ್ಕ ಅರ್ಧ ತಾಸು ತಡ ಆತು.' ಇಷ್ಟೇ ಸಾಕು. ತಡ ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅವರು ಕೇಳುವ ಮೊದಲೇ ಫೋನ್ ಮಾಡಿ. ಹತ್ತಿರ ಬಂದರೆ ಮುಖ ತಿರುಗಿಸಬೇಡಿ. ಆಕೆಗೆ ಬೇಕಾದದ್ದು ಆ ವಾಸನೆ ಇಲ್ಲ ಎಂಬ ಖಾತ್ರಿ. ಅದು ಈಗ ನಿಮ್ಮ ಹತ್ತಿರ ಇದೆ, ಧಾರಾಳವಾಗಿ ಕೊಡಿ.

ಬೋರಮಾಳದ ಬಗ್ಗೆ ನೀವು ಏನೂ ಕೇಳಿಲ್ಲ. ನಾನೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮನೆಯ ಅರ್ಧ ನೋವು ಅದರಲ್ಲಿ ಇರಬಹುದು. ಬೈಬಲಿನ ಲೂಕ 19ರಲ್ಲಿ ಸುಂಕ ವಸೂಲಿ ಮಾಡಿ ಶ್ರೀಮಂತನಾದ ಜಕ್ಕಾಯನ ಕಥೆ ಬರುತ್ತದೆ. ಯೇಸು ಮನೆಗೆ ಬಂದ ದಿನ ಜಕ್ಕಾಯ ಅಳಲಿಲ್ಲ, ಹಾಡಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲಿನ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕಿತ್ತು. ಕುರಿ ಕದ್ದು ಕೊಯ್ದವನು ಸಿಕ್ಕಿಬಿದ್ದರೆ ಮಾತ್ರ ನಾಲ್ಕರಷ್ಟು. ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ಯೆರಿಕೋವಿನ ಜನ ಆಮೇಲೆ ಅವನನ್ನು ನಂಬಿದರೋ ಇಲ್ಲವೋ, ಲೂಕ ಒಂದು ಮಾತೂ ಬರೆದಿಲ್ಲ. ಬರೆಯುವ ಅಗತ್ಯವೇ ಅವನಿಗೆ ಕಾಣಲಿಲ್ಲ. ಜನ ಏನಂದರೂ ಹಣ ವಾಪಸ್ ಹೋಗಬೇಕಿತ್ತು.

ನೀವೂ ಲೆಕ್ಕ ಹೇಳಿ. ಆ ಬೋರಮಾಳ ಎಷ್ಟು ತೊಲೆ ಇತ್ತು, ಯಾರು ಮಾಡಿಸಿದ್ದು, ಅವ್ವನ ಮನೆಯಿಂದ ಬಂದದ್ದೋ, ಕುಳಿತು ಆಕೆಯನ್ನೇ ಕೇಳಿ. ಬೈಯುತ್ತಾರೆ, ಬೈಯಲಿ. ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ 'ಪ್ರತಿ ತಿಂಗಳು ಇಷ್ಟು ನಿನ್ನ ಕೈಗೆ ಕೊಡುತ್ತೇನೆ, ನೀನೇ ಇಟ್ಟುಕೊ' ಅನ್ನಿ. ನಿಮಗೆ ನಿಜವಾಗಿ ಸಾಧ್ಯವಾಗುವ ಮೊತ್ತ ಹೇಳಿ. 500 ರೂಪಾಯಿ ಆದರೂ ಚಿಂತೆ ಇಲ್ಲ. ಗುಟ್ಟಾಗಿ ಕೂಡಿಸಿಟ್ಟು ಒಂದು ದಿನ ಹೊಸ ಸರ ತಂದು ಅಚ್ಚರಿ ಪಡಿಸುವ ಯೋಚನೆ ಇದ್ದರೆ ಬಿಡಿ. ಗುಟ್ಟಿನ ದುಡ್ಡಿನಿಂದ ಆ ಮನೆ ಸಾಕಷ್ಟು ಅನುಭವಿಸಿದೆ. ಅವರ ಕಣ್ಣೆದುರೇ ಒಂದೊಂದು ಗುಂಡು ಕೂಡಲಿ.

ಇನ್ನು ಎಡವಿ ಬೀಳುವುದರ ಬಗ್ಗೆ. ಕುಡಿತ ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿದ್ದೆ ಸರಿ ಬಾರದಿರುವುದು, ಸಣ್ಣದಕ್ಕೂ ಸಿಟ್ಟು ಬರುವುದು ಸಾಮಾನ್ಯ. ಮಿದುಳು ಹಳೆಯ ಅಭ್ಯಾಸ ಬಿಟ್ಟು ಹೊಸದಕ್ಕೆ ಒಗ್ಗಲು ಹೊತ್ತು ಬೇಕು. ಇದನ್ನು ನೆಪ ಮಾಡಿಕೊಳ್ಳಬೇಡಿ, ಆದರೆ ತಿಳಿದಿರಲಿ. ಸಿಟ್ಟು, ನಿದ್ದೆ, ಬೇಸರ ಹೀಗೇ ಮುಂದುವರಿದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ. ಅಷ್ಟು ದೂರ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋದರೆ ಪ್ರಾರ್ಥನೆಯಲ್ಲಿ ನಂಬಿಕೆ ಇಲ್ಲ ಎಂದು ಅರ್ಥವಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಅಲ್ಲವೇ ನೀವು ಪ್ರಾರ್ಥಿಸಿದ್ದು? (ಇದನ್ನು ಓದುವ ಬೇರೆಯವರಿಗೂ ಹೇಳಬೇಕು: ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಡಾಕ್ಟರಿಗೆ ತೋರಿಸದೆ ಒಮ್ಮೆಲೇ ಬಿಡಬೇಡಿ. ಕೈ ನಡುಕ, ಫಿಟ್ಸ್, ಬುದ್ಧಿ ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು.)

ಕುಡಿತ ಬಿಟ್ಟವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅವರಲ್ಲಿ ಒಂದು ರೂಢಿ ಇದೆ. ಮನಸ್ಸು ಕುದಿಯತೊಡಗಿದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಹಸಿವಾಗಿದೆಯಾ, ಸಿಟ್ಟಿದೆಯಾ, ಒಂಟಿ ಅನಿಸುತ್ತಿದೆಯಾ, ದಣಿವಾಗಿದೆಯಾ? ತಟ್ಟೆ ಎಸೆದ ದಿನ ನೆನಪಿಸಿಕೊಳ್ಳಿ. ನಾಲ್ಕರಲ್ಲಿ ಮೂರಾದರೂ ಇದ್ದಿರಬೇಕು ಅಂತ ನನ್ನ ಅನಿಸಿಕೆ. ಮಗ್ಗದಿಂದ ಹೊರಡುವ ಮೊದಲು ಒಂದಿಷ್ಟು ಚುರುಮುರಿ ತಿಂದು, ಒಂದು ಲೋಟ ನೀರು ಕುಡಿದು ಹೊರಡಿ. ಇದು ಆತ್ಮಿಕ ಮಾತಲ್ಲ ಅನಿಸಬಹುದು. ಬೈಬಲಿನ ಪ್ರವಾದಿ ಎಲೀಯ ಸಾಯಬೇಕು ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಮೊದಲು ಕೊಟ್ಟದ್ದು ಉಪದೇಶವಲ್ಲ. ರೊಟ್ಟಿ ಮತ್ತು ನೀರು, ಅದೂ ಎರಡು ಸಲ, ನಡುವೆ ನಿದ್ದೆ.

ಲಂಡನ್ನಿನಲ್ಲಿ 2009ರ ಸುಮಾರಿಗೆ 96 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಒಂದು ಸಣ್ಣ ಒಳ್ಳೆಯ ರೂಢಿ, ಊಟದ ಜೊತೆ ನೀರು ಕುಡಿಯುವಂಥದ್ದು, ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾಯಿತು, ಇನ್ನೊಬ್ಬರಿಗೆ 254 ದಿನ ಬೇಕಾದೀತು ಎಂದು ಅಂದಾಜು ಬಂತು. ಒಬ್ಬರಿಂದ ಒಬ್ಬರಿಗೆ ಎಷ್ಟು ಅಂತರ ನೋಡಿ. ಒಂದು ದಿನ ತಪ್ಪಿದರೆ ಇಡೀ ಪ್ರಯತ್ನ ಕೆಡುವುದಿಲ್ಲ ಎಂಬುದೂ ಅದರಲ್ಲಿ ಕಂಡಿತು. ಊಟದ ಜೊತೆಯ ನೀರಿಗೇ ಇಷ್ಟು ದಿನ ಬೇಕಾದರೆ, 15 ವರ್ಷದ ಸಿಟ್ಟು ತಣ್ಣಗಾಗಲು ಎಷ್ಟು ದಿನ ಬೇಕು ಎಂದು ನಿಮ್ಮ ಮೇಲೆ ನೀವೇ ಸ್ವಲ್ಪ ಕರುಣೆ ತೋರಿಸಿ.

ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ಮಾತು. ನಿಮ್ಮ ಊರಿನ ಒಂದು ಕೈಮಗ್ಗದ ಮನೆಯಲ್ಲಿ ಅರ್ಧ ದಿನ ಕುಳಿತು ನೋಡಿದ್ದೇನೆ. ಒಬ್ಬ ಅಜ್ಜಿ ಸೀರೆಯ ಮೈಯ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿನ) ತುದಿಗೆ ಸೆರಗಿನ ಕೆಂಪು ರೇಷ್ಮೆ ಹಾಸನ್ನು ಕೊಂಡಿ ಹಾಕುತ್ತಿದ್ದರು. ಒಂದು ಎಳೆ, ಮತ್ತೊಂದು ಎಳೆ, ಕೊಂಡಿಯೊಳಗೆ ಕೊಂಡಿ. ಬೆರಳು ನಿಲ್ಲುತ್ತಿರಲಿಲ್ಲ, ಅವಸರವೂ ಇರಲಿಲ್ಲ. ಒಳಗೆ ಅವರ ಮಗ ನೇಯುತ್ತಿದ್ದಾಗ ಹಾಸಿನ ಒಂದು ಎಳೆ ಹರಿಯಿತು. ಆತ ಲಾಳಿ ನಿಲ್ಲಿಸಿದ. ಬಗ್ಗಿ ಹರಿದ ತುದಿ ಹುಡುಕಿದ, ಸಣ್ಣ ನೂಲು ಸೇರಿಸಿ ಗಂಟು ಹಾಕಿದ, ಮತ್ತೆ ನೇಯತೊಡಗಿದ. ಒಂದು ನಿಮಿಷವೂ ಆಗಲಿಲ್ಲ. ಎಳೆ ಹರಿಯಿತು ಅಂತ ಯಾವ ನೇಕಾರನೂ ಹಾಸು ಕತ್ತರಿಸಿ ಎಸೆಯುವುದಿಲ್ಲ. ಹಾಗೆಯೇ ಹರಿದದ್ದನ್ನು ನೋಡಿಯೂ ನೋಡದ ಹಾಗೆ ಮಗ್ಗ ಓಡಿಸುವುದೂ ಇಲ್ಲ. ಓಡಿಸಿದರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ ಎಂದು ನೀವೇ ನನಗೆ ಹೇಳಬಲ್ಲಿರಿ. ತಟ್ಟೆ ಎಸೆದ ರಾತ್ರಿ ಒಂದು ಎಳೆ ಹರಿಯಿತು. ನಿಮ್ಮ ಪತ್ರ ನೋಡಿದರೆ ನೀವು ಇಡೀ ಹಾಸು ಕತ್ತರಿಸಲು ಹೊರಟಿದ್ದೀರಿ. ಮಗ್ಗ ನಿಲ್ಲಿಸಿ, ಗಂಟು ಹಾಕಿ.

ಅಣ್ಣನ ವಿಷಯ ಸಣ್ಣದು. ಲೆಕ್ಕದ ಪುಸ್ತಕ ಕೇಳಬೇಡಿ. ನಿಮಗೆ ಲೆಕ್ಕದ ಪುಸ್ತಕ ಇಲ್ಲದಿರುವುದು ಈ ವರ್ಷ ನಿಮಗೇ ಒಳ್ಳೆಯದು. ಕೈಯಲ್ಲಿ ರೊಕ್ಕ ಆಡದಿರುವುದು ಒಂದು ಬೇಲಿ. ನೂಲು ತಂದಾಗ, ಸೀರೆ ಕೊಟ್ಟಾಗ ಚೀಟಿ ಬರೆಸಿಕೊಂಡು ಅಣ್ಣನ ಕೈಗೆ ಕೊಡಿ, ಕೇಳದಿದ್ದರೂ ಕೊಡಿ. ಪುಸ್ತಕ ಒಂದು ದಿನ ತಾನಾಗಿ ಬರುತ್ತದೆ. ಬರದಿದ್ದರೂ ಮಗ್ಗ ನಡೆಯುತ್ತದೆ.

ಸಭೆಯವರ ಮೇಲೆ ನಿಮಗೆ ನೋವಿದೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಸೌಲನ ಕಥೆ ನೋಡಿ. ಮುಂದೆ ಪೌಲನಾದವನು, ಮೊದಲು ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದವನು. ದಮಸ್ಕದ ದಾರಿಯಲ್ಲಿ ಕರ್ತನೇ ಎದುರು ನಿಂತು ಮಾತಾಡಿಸಿದ ಮನುಷ್ಯ ಆತ. ಆದರೂ ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲ ಹೆದರಿ ದೂರ ಸರಿದರು. ಆತನೇ ಗಲಾತ್ಯದವರಿಗೆ ಬರೆದ ಪತ್ರದ ಪ್ರಕಾರ ಅಷ್ಟು ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಮೂರು ವರ್ಷ! ಆಗ ಬಾರ್ನಬ ಒಬ್ಬನೇ ಆತನ ಕೈ ಹಿಡಿದು ಅಪೊಸ್ತಲರ ಹತ್ತಿರ ಕರೆದುಕೊಂಡು ಹೋಗಿ, ಇವನಿಗೆ ಏನಾಯಿತು ಎಂದು ತಾನೇ ಹೇಳಿದ. ಸೌಲ ತನ್ನ ಪರವಾಗಿ ತಾನೇ ವಾದ ಮಾಡಲಿಲ್ಲ. ನಿಮ್ಮ ಸಭೆಯಲ್ಲೂ ಅಂಥವರು ಒಬ್ಬರು ಇರುತ್ತಾರೆ. ಬಹಳ ಮಾತಾಡುವವರಲ್ಲ, ಮುಂದಿನ ಸಾಲಿನವರೂ ಆಗಿರಲಿಕ್ಕಿಲ್ಲ. ನಿಮ್ಮ ಮನೆಗೆ ಬಂದರೆ ನಿಮ್ಮ ಹೆಂಡತಿ ಹೆದರದೆ ಚಹಾ ಕೊಡುವಂಥ ಹಿರಿಯರನ್ನು ಹುಡುಕಿ. ವಾರಕ್ಕೆ ಒಂದು ಸಲ ಅವರ ಜೊತೆ ಅರ್ಧ ತಾಸು ಕೂಡಿ. ಕುಡಿಯಬೇಕು ಅನಿಸಿದ ದಿನವನ್ನು ಅವರಿಗೆ ಮುಚ್ಚಿಡಬೇಡಿ. ನಿಮ್ಮ ಹೆಂಡತಿಯೊಬ್ಬಳೇ ಕಾವಲುಗಾರಳಾಗಿ ನಿಲ್ಲುವುದು ತಪ್ಪುತ್ತದೆ. ಆಕೆಗೂ ದಣಿವಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಸಭೆಗಳಲ್ಲಿ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ಬಟ್ಟಲು ಹಂಚಿಕೊಳ್ಳುವ ಆಚರಣೆಗೆ) ನಿಜವಾದ ದ್ರಾಕ್ಷಾರಸವನ್ನೇ, ಅಂದರೆ ವೈನನ್ನೇ, ಕೊಡುತ್ತಾರೆ. ನಿಮ್ಮಲ್ಲಿ ಹಾಗಿದ್ದರೆ ಪಾಸ್ಟರಿಗೆ ಮೊದಲೇ ಹೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಅಮೆರಿಕದ ಮೆಥಡಿಸ್ಟ್ ದಂತವೈದ್ಯರು ದ್ರಾಕ್ಷಿ ರಸವನ್ನು ಹುಳಿಯದ ಹಾಗೆ ಕಾಯಿಸಿ ಇಡುವ ದಾರಿ ಕಂಡುಹಿಡಿದದ್ದೇ ಕರ್ತನ ಭೋಜನಕ್ಕಾಗಿ. ಒಂದು ಗುಟುಕಿನಿಂದ ಬೀಳಬಹುದಾದ ಒಬ್ಬರಿಗಾಗಿ ಸಭೆ ತನ್ನ ಬಟ್ಟಲನ್ನೇ ಬದಲಿಸಿಕೊಂಡರೆ, ನನ್ನ ದೃಷ್ಟಿಯಲ್ಲಿ ಅದೇ ಸಭೆ.

ಪುಣೆಗೆ ಈಗ ಹೋಗಬೇಡಿ. ನಮ್ಮ ಕಡೆಯವರು ಪುಣೆ, ಗೋವಾ ಅಂತ ದುಡಿಯಲು ಹೋಗುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ನೀವು ಹೋಗಬೇಕೆಂದಿರುವುದು ದುಡಿಮೆಗಲ್ಲ. ಯಾರೂ ನಿಮ್ಮ ಹಳೆಯದನ್ನು ಅರಿಯದ ಊರು ನಿಮಗೆ ಬೇಕು. ಅಲ್ಲಿ ಬಾಡಿಗೆ ಕೋಣೆ, ಖಾಲಿ ಸಂಜೆ, ಕೈಯಲ್ಲಿ ಸಂಬಳ. ಬಾಯಿ ವಾಸನೆ ನೋಡುವವರು ಯಾರೂ ಇರುವುದಿಲ್ಲ. ಈಗ ನಿಮಗೆ ಮುಳ್ಳಾಗಿ ಕಾಣುವ ಆ ಪ್ರಶ್ನೆ ನಿಮ್ಮನ್ನು ಎಷ್ಟು ಸಂಜೆ ಉಳಿಸಿದೆ ಎಂದು ಅಲ್ಲಿ ತಿಳಿಯುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಈ ಹೊತ್ತಿನ ಆಹಾರ ಮಾತ್ರ ಕೇಳುತ್ತೇವೆ, ವರ್ಷದ್ದಲ್ಲ. ನೀವೂ ಬೆಳಿಗ್ಗೆ ಇವತ್ತಿನ ಸಂಜೆಯನ್ನು ಮಾತ್ರ ಕೇಳಿಕೊಳ್ಳಿ. ಮನೆ ಬಿಡುವ ಮೊದಲು, ಎದ್ದು ಕೂತಲ್ಲೇ, ಎರಡು ನಿಮಿಷ.

ಕೊನೆಗೆ ಸಾಕ್ಷಿಯ ಮಾತು. ಪಾಸ್ಟರ್ ಪ್ರೀತಿಯಿಂದಲೇ ಕೇಳಿದ್ದಾರೆ. ಆದರೆ ನೀವು ಮೈಕ್ ಹಿಡಿದು 15 ವರ್ಷದ ಕಥೆ ಹೇಳುವಾಗ ಅದರಲ್ಲಿ ಹೊಡೆಸಿಕೊಂಡವರು, ಹಸಿದವರು, ಒಡವೆ ಕಳೆದುಕೊಂಡವರು ಯಾರು? ಆ ಕಥೆಯಲ್ಲಿ ಅರ್ಧ ಆಕೆಯದು. ನಿಮಗೆ ಚಪ್ಪಾಳೆ ಬೀಳುವಾಗ ಹೆಂಗಸರ ಸಾಲಿನಲ್ಲಿ ಎಲ್ಲರೂ ತಿರುಗಿ ಆಕೆಯ ಮುಖ ನೋಡುತ್ತಾರೆ. ಬರುವುದಿಲ್ಲ ಎಂದು ಆಕೆ ಹೇಳಿದ್ದು ಅದಕ್ಕೇ ಇರಬಹುದು. ಅವರನ್ನು ಕೇಳಿ. 'ನನಗ ಇನ್ನೂ ಆಗಂಗಿಲ್ಲ' ಅಂದರೆ ಪಾಸ್ಟರಿಗೆ 'ಇನ್ನೂ ಸ್ವಲ್ಪ ಕಾಲ ಬೇಕು' ಎಂದು ಹೇಳಿ. ಕಾರಣ ಆಕೆ ಎಂದು ಹೇಳಬೇಡಿ, ನಿಮ್ಮ ಮೇಲೆಯೇ ಹಾಕಿಕೊಳ್ಳಿ.

ಆ ಭಾನುವಾರ ಆರಾಧನೆ ಮುಗಿದ ಮೇಲೆ ಜಮಖಾನೆ ಮಡಚಲು, ಕುರ್ಚಿ ಎತ್ತಿಡಲು ಯಾರಾದರೂ ಬೇಕಾಗುತ್ತದೆ. ಅದಕ್ಕೆ ಯಾರೂ ನಿಮ್ಮನ್ನು ನೇಮಿಸಬೇಕಾಗಿಲ್ಲ. ಆಕೆ ಹೊರಗೆ ಹೆಂಗಸರ ಜೊತೆ ಮಾತಾಡುತ್ತಿರಲಿ, ಅವಸರ ಮಾಡಬೇಡಿ. ಅವರು ಚಪ್ಪಲಿ ಹಾಕಿಕೊಂಡಾಗ ನೀವೂ ಹಾಕಿಕೊಂಡು, ಮಗಳ ಕೈ ಹಿಡಿದು, ಜೊತೆಗೇ ಮನೆಗೆ ನಡೆಯಿರಿ.